ಬ್ರೋಕರ್ ಕೈಕೊಟ್ಟರೆ ಎಲ್ಲಿಗೆ ಹೋಗಬೇಕು: ಮೈಸೂರು, ಮಂಡ್ಯದಲ್ಲಿ ಸೈಟು-ಮನೆ ಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

ಸೈಟಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಬ್ರೋಕರ್ ಫೋನ್ ಎತ್ತುತ್ತಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಪೊಲೀಸ್ ಠಾಣೆಗೆ ಓಡುತ್ತಾರೆ. ಅಲ್ಲಿ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅನ್ನುತ್ತಾರೆ. ಆಮೇಲೆ ಯಾರೋ ಹೇಳಿದರು ಅಂತ ರೇರಾಗೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ದೂರು ಹಾಕುತ್ತಾರೆ. ಆ ವ್ಯವಹಾರ ರೇರಾ ವ್ಯಾಪ್ತಿಗೇ ಬರುವುದಿಲ್ಲ ಅಂತ ಗೊತ್ತಾಗಲು ತಿಂಗಳುಗಳು ಬೇಕು. ಅಷ್ಟರಲ್ಲಿ ಗ್ರಾಹಕರ ಆಯೋಗಕ್ಕೆ ಹೋಗುವ ಎರಡು ವರ್ಷದ ಅವಧಿಯೂ ಕಳೆದಿರುತ್ತದೆ.

ಹೀಗೆ ಸೋಲುವವರಲ್ಲಿ ಹಲವರ ಕೇಸು ಗಟ್ಟಿಯಾಗೇ ಇರುತ್ತದೆ. ಅವರು ಸೋಲುವುದು ಕ್ರಮ ತಪ್ಪಿದ್ದರಿಂದ. ಯಾವ ಕಚೇರಿಗೆ ಹೋಗಬೇಕು ಅನ್ನುವುದನ್ನು ಎರಡು ವಿಷಯ ತೀರ್ಮಾನಿಸುತ್ತವೆ: ನಿಮ್ಮದು ಯಾವ ಬಗೆಯ ವ್ಯವಹಾರ, ಮತ್ತು ಆ ಬ್ರೋಕರ್ ಯಾರ ಪರವಾಗಿ ಕೆಲಸ ಮಾಡುತ್ತಿದ್ದರು. ಇವೆರಡನ್ನೂ ಮೊದಲು ಕಾಗದದ ಮೇಲೆ ಇತ್ಯರ್ಥ ಮಾಡಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಬ್ರೋಷರ್ ಅಥವಾ ಜಾಹೀರಾತು, ಹಣ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್, ರಸೀದಿ ಇದ್ದರೆ ರಸೀದಿ, ಕ್ರಯದ ಕರಾರು, ಬ್ರೋಕರ್ ಜೊತೆಗಿನ ವಾಟ್ಸಾಪ್ ಮಾತುಕತೆ, ಅವರ ವಿಸಿಟಿಂಗ್ ಕಾರ್ಡು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಿಂದ ಆ ಸ್ವತ್ತಿನ ಋಣಭಾರ ಪತ್ರವನ್ನೂ, ಅಂದರೆ ಇಸಿಯನ್ನೂ ತೆಗೆದಿಟ್ಟುಕೊಳ್ಳಿ. ಬ್ರೋಕರ್ ಕೊಟ್ಟ ಇಸಿ ಜೆರಾಕ್ಸ್ ನಂಬಬೇಡಿ. ನೀವೇ ಅರ್ಜಿ ಹಾಕಿ ಪಡೆಯಿರಿ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಪ್ರಕಾರ ನಡೆದದ್ದನ್ನೆಲ್ಲ ಬರೆಯಿರಿ. ಯಾವ ದಿನ ಸೈಟು ತೋರಿಸಿದರು, ಏನು ಹೇಳಿದರು, ಯಾವ ದಿನ ಎಷ್ಟು ಹಣ ಯಾರ ಖಾತೆಗೆ ಹೋಯಿತು. ಮುಂದೆ ವಕೀಲರಿಗೆ, ಪೊಲೀಸರಿಗೆ, ಆಯೋಗಕ್ಕೆ ಎಲ್ಲರಿಗೂ ಬೇಕಾಗುವುದು ಈ ಪಟ್ಟಿಯೇ.

## ಹಂತ 1: ವ್ಯವಹಾರ ಯಾವ ಬಗೆಯದು ಅಂತ ಗುರುತಿಸಿ

ಮೊದಲನೆಯ ಬಗೆ, ಡೆವಲಪರ್ ಹೊಸದಾಗಿ ಮಾಡಿ ಮಾರುತ್ತಿರುವ ಲೇಔಟ್ ಅಥವಾ ಅಪಾರ್ಟ್‌ಮೆಂಟ್. 2016ರ ರಿಯಲ್ ಎಸ್ಟೇಟ್ ಕಾಯ್ದೆ (ಇದನ್ನೂ ರೇರಾ ಅಂತಲೇ ಕರೆಯುತ್ತಾರೆ) ಇದಕ್ಕೆ ಅನ್ವಯಿಸುತ್ತದೆ. ಯೋಜನಾ ಪ್ರದೇಶದ ಒಳಗಿದ್ದು, ಜಾಗ 500 ಚದರ ಮೀಟರ್‌ಗಿಂತ ಹೆಚ್ಚಿದ್ದರೆ ಲೇಔಟ್ ರೇರಾದಲ್ಲಿ ನೋಂದಣಿ ಆಗಲೇಬೇಕು. 500 ಚದರ ಮೀಟರ್ ಅಂದರೆ ಸುಮಾರು 5,380 ಚದರ ಅಡಿ. ನಮ್ಮ ಲೆಕ್ಕದಲ್ಲಿ 30×40ರ ನಾಲ್ಕು ಸೈಟು, ಮೇಲೆ ಸ್ವಲ್ಪ. ಹಾಗಾಗಿ ಇಲವಾಲದ ಕಡೆಯಾಗಲಿ, ಬನ್ನೂರು ರಸ್ತೆಯಲ್ಲಾಗಲಿ ಫ್ಲೆಕ್ಸ್ ಹಾಕಿ ಮಾರುವ ಲೇಔಟ್‌ಗಳು ಗಾತ್ರದ ಕಾರಣಕ್ಕೆ ಹೊರಗುಳಿಯುವುದು ಅಪರೂಪ.

ಎರಡನೆಯದು, ಒಬ್ಬರ ಹೆಸರಿನಲ್ಲಿ ಈಗಾಗಲೇ ಇರುವ ಸೈಟು ಅಥವಾ ಮನೆಯ ಮರುಮಾರಾಟ. ಕುವೆಂಪುನಗರದ ಹಳೇ ಮನೆ, ವಿಜಯನಗರದ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಸೈಟು ಇಂಥವು. ಇಲ್ಲಿ ಡೆವಲಪರ್ ಇಲ್ಲ, ರೇರಾ ಪ್ರಾಜೆಕ್ಟ್ ಇಲ್ಲ. ಬ್ರೋಕರ್ ಮೇಲೆ ರೇರಾ ದೂರು ನಿಲ್ಲುವುದು ಕಷ್ಟ. ಆದರೆ ಗ್ರಾಹಕರ ಕಾಯ್ದೆ, ಕರಾರು ಕಾಯ್ದೆ, ಕ್ರಿಮಿನಲ್ ಕಾನೂನು ಮೂರೂ ಅನ್ವಯಿಸುತ್ತವೆ.

ಮೂರನೆಯದು ಬಾಡಿಗೆ ಮತ್ತು ಲೀಸ್. ಇದೂ ರೇರಾಗೆ ಬರುವುದಿಲ್ಲ. ಒಂದೇ ಮನೆಯನ್ನು ಇಬ್ಬರಿಗೆ ಲೀಸ್ ಹಾಕಿಸಿ ಹಣ ತೆಗೆದುಕೊಂಡಿದ್ದರೆ ಅದು ನೇರ ವಂಚನೆ.

ಹೆಚ್.ಡಿ. ಕೋಟೆ ರಸ್ತೆಯಂಥ ಕಡೆ ‘ಫಾರ್ಮ್ ಲ್ಯಾಂಡ್’ ಅಂತ ಕುಂಟೆ ಲೆಕ್ಕದಲ್ಲಿ ಮಾರುವುದನ್ನು ಬೇರೆಯಾಗೇ ನೋಡಬೇಕು. ಅದು ಕೃಷಿ ಜಮೀನು. ಭೂಪರಿವರ್ತನೆ ಆಗಿಲ್ಲದಿದ್ದರೆ ಅಲ್ಲಿ ಬಡಾವಣೆ ಮಾಡಿ ಮನೆ ಕಟ್ಟಲು ಬರುವುದಿಲ್ಲ. ‘ಆಮೇಲೆ ಮಾಡಿಸಿಕೊಡ್ತೀವಿ’ ಅನ್ನುವ ಮಾತಿಗೆ ಹಣ ಕೊಡಬೇಡಿ.

## ಹಂತ 2: ಏಜೆಂಟ್ ಯಾರು, ಯಾರ ಪರ

ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ರೇರಾ ಪ್ರಾಜೆಕ್ಟಿನ ಸೈಟು, ಫ್ಲಾಟು ಮಾರಿಸುವ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. ಕರ್ನಾಟಕದಲ್ಲಿ ಈ ನೋಂದಣಿ ಐದು ವರ್ಷಕ್ಕೆ ಇರುತ್ತದೆ. ಮಾಡಿಸುವ ಪ್ರತಿ ವ್ಯವಹಾರದಲ್ಲೂ ಆ ಸಂಖ್ಯೆ ನಮೂದಿಸಬೇಕು.

ಆ ಸಂಖ್ಯೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಕರ್ನಾಟಕ ರೇರಾ ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಅಂತ ಶುರುವಾಗುತ್ತದೆ. ಪ್ರಾಜೆಕ್ಟಿನದಾದರೆ ಮಧ್ಯದಲ್ಲಿ ‘ಪಿಆರ್’ ಅಂತ ಇರುತ್ತದೆ, ಏಜೆಂಟರದಾದರೆ ‘ಎಜಿ’ ಅಂತ. ಬ್ರೋಷರ್ ಮೇಲೆ ದಪ್ಪ ಅಕ್ಷರದಲ್ಲಿ ‘ರೇರಾ ಅಪ್ರೂವ್ಡ್’ ಅಂತ ಹಾಕಿ, ಕೆಳಗೆ ಏಜೆಂಟರ ಸಂಖ್ಯೆ ಮಾತ್ರ ಕೊಟ್ಟಿದ್ದರೆ, ಪ್ರಾಜೆಕ್ಟ್ ನೋಂದಣಿ ಆಗಿದೆ ಅನ್ನುವುದಕ್ಕೆ ಅದು ಪುರಾವೆಯೇ ಅಲ್ಲ. ಕರ್ನಾಟಕ ರೇರಾ ಜಾಲತಾಣದಲ್ಲಿ ಪ್ರಾಜೆಕ್ಟ್ ಮತ್ತು ಏಜೆಂಟ್ ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ, ಪುಟದ ಪ್ರತಿ ತೆಗೆದಿಡಿ.

ಇನ್ನು ಯಾರ ಪರ ಅನ್ನುವುದು. ಬ್ರೋಕರ್ ಕಮಿಷನ್ ಯಾರಿಂದ ಪಡೆಯುತ್ತಾರೆ? ನಿಮ್ಮಿಂದಲಾ, ಮಾರುವವರಿಂದಲಾ, ಇಬ್ಬರಿಂದಲೂ ನಾ? ಶೇ. 1 ಅಥವಾ 2 ಅಂತ ಬಾಯಿಮಾತಿನಲ್ಲಿ ಮುಗಿಸುವುದು ನಮ್ಮಲ್ಲಿ ರೂಢಿ. ಕಮಿಷನ್ ಎಷ್ಟಿರಬೇಕು ಅಂತ ರೇರಾ ನಿಗದಿ ಮಾಡಿಲ್ಲ, ಹಾಗಾಗಿ ನೀವೇ ಬರೆಸಿಕೊಳ್ಳಬೇಕು. ಇನ್ನೂ ಹಣ ಕೊಡದವರು ಇಷ್ಟನ್ನು ವಾಟ್ಸಾಪ್‌ನಲ್ಲಾದರೂ ಕಳಿಸಿ, ‘ಸರಿ’ ಅಂತ ಉತ್ತರ ತರಿಸಿಕೊಳ್ಳಿ:

“ಈ ಸೈಟಿನ ಖರೀದಿಯಲ್ಲಿ ನೀವು ನನ್ನ ಪರವಾಗಿ ಮಧ್ಯವರ್ತಿಯಾಗಿ ಕೆಲಸ ಮಾಡುತ್ತಿದ್ದೀರಿ. ಕ್ರಯಪತ್ರ ನೋಂದಣಿಯಾದ ದಿನ ಶೇ. 1 ಕಮಿಷನ್ ಕೊಡುತ್ತೇನೆ. ಮಾರುವವರಿಂದ ನಿಮಗೆ ಕಮಿಷನ್ ಬರುತ್ತಿದ್ದರೆ ಈಗಲೇ ತಿಳಿಸಿ.”

ಮೂರೇ ವಾಕ್ಯ. ಆದರೆ ಮುಂದೆ ವ್ಯಾಜ್ಯವಾದರೆ ಇದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ.

## ಹಂತ 3: ಯಾವ ಕರ್ತವ್ಯ ಮುರಿದಿದ್ದಾರೆ ಅಂತ ಹೆಸರಿಸಿ

‘ಮೋಸ ಮಾಡಿದರು’ ಅಂತ ಬರೆದ ದೂರಿಗಿಂತ ‘ಈ ಕರ್ತವ್ಯ, ಈ ದಿನ, ಹೀಗೆ ಮುರಿದರು’ ಅಂತ ಬರೆದ ದೂರಿಗೆ ಬಲ ಜಾಸ್ತಿ.

ರೇರಾದ 10ನೇ ಸೆಕ್ಷನ್ ಏಜೆಂಟರ ಮೇಲೆ ಹೊರಿಸಿರುವುದು ಇಷ್ಟು. ನೋಂದಣಿಯಾಗದ ಪ್ರಾಜೆಕ್ಟಿನ ಸೈಟು, ಫ್ಲಾಟು ಮಾರಿಸಬಾರದು. ಲೆಕ್ಕಪತ್ರ, ದಾಖಲೆ ಕಾಪಾಡಬೇಕು. ತಮಗಾಗಲಿ ಡೆವಲಪರ್‌ಗಾಗಲಿ ಇಲ್ಲದ ಅನುಮೋದನೆ ಇದೆ ಅಂತ ಹೇಳಬಾರದು. ಕೊಡುವ ಉದ್ದೇಶವೇ ಇಲ್ಲದ ಸೇವೆಗೆ ಜಾಹೀರಾತು ಹಾಕಿಸಬಾರದು. ಬುಕಿಂಗ್ ಹೊತ್ತಿಗೆ ಕೊಳ್ಳುವವರಿಗೆ ಸಿಗಬೇಕಾದ ಎಲ್ಲ ಮಾಹಿತಿ, ದಾಖಲೆ ಸಿಗುವಂತೆ ನೋಡಿಕೊಳ್ಳಬೇಕು.

ಮೈಸೂರಿನಲ್ಲಿ ಹೆಚ್ಚಾಗಿ ಮುರಿಯುವುದು ಅನುಮೋದನೆಯ ವಿಷಯ. ‘ಮುಡಾ ಅಪ್ರೂವ್ಡ್’ ಅನ್ನುತ್ತಾರೆ. (ಮುಡಾ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಆಗಿದೆ, ಬಾಯಲ್ಲಿ ಮಾತ್ರ ಇನ್ನೂ ಮುಡಾನೇ.) ನಕ್ಷೆಗೆ ಒಪ್ಪಿಗೆ ಸಿಗುವುದು ಒಂದು, ರಸ್ತೆ, ಚರಂಡಿ, ನೀರು ಮಾಡಿದ ಮೇಲೆ ಸೈಟು ಬಿಡುಗಡೆ ಆದೇಶ ಸಿಗುವುದು ಇನ್ನೊಂದು. ನಕ್ಷೆ ತೋರಿಸಿ ಅಡ್ವಾನ್ಸ್ ತೆಗೆದುಕೊಳ್ಳುತ್ತಾರೆ, ಬಿಡುಗಡೆ ಆದೇಶದಲ್ಲಿ ನಿಮ್ಮ ಸೈಟಿನ ನಂಬರೇ ಇರುವುದಿಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) 11ಬಿ ನಮೂನೆ ತೋರಿಸಿ ಅನುಮೋದಿತ ಸೈಟು ಅನ್ನುವುದೂ ಇದೆ. ಅನುಮೋದಿತ ಸೈಟಿಗೆ ಬರುವುದು ನಮೂನೆ 9 ಮತ್ತು 11ಎ. ನಗರ ವ್ಯಾಪ್ತಿಯಲ್ಲಿ ಬಿ ಖಾತಾ ಸಿಕ್ಕಿದೆ ಅಂದ ಮಾತ್ರಕ್ಕೆ ಲೇಔಟ್‌ಗೆ ಅನುಮೋದನೆ ಇದೆ ಅಂತಲ್ಲ.

ಮರುಮಾರಾಟದ ವ್ಯವಹಾರವಾದರೆ 1872ರ ಕರಾರು ಕಾಯ್ದೆ ನೋಡಿ. ಹಳೇ ಕಾನೂನು, ಆದರೆ ಬ್ರೋಕರ್‌ಗಳ ವಿಷಯದಲ್ಲಿ ಇದರಷ್ಟು ಕೆಲಸಕ್ಕೆ ಬರುವುದು ಕಡಿಮೆ. ಏಜೆಂಟ್ ತನ್ನನ್ನು ನೇಮಿಸಿದವರ ಸೂಚನೆಯಂತೆ ನಡೆಯಬೇಕು (ಸೆಕ್ಷನ್ 211), ಶ್ರದ್ಧೆ, ಕೌಶಲದಿಂದ ಕೆಲಸ ಮಾಡಬೇಕು (212), ಕೇಳಿದಾಗ ಲೆಕ್ಕ ಕೊಡಬೇಕು (213), ಪಡೆದ ಹಣವನ್ನು ಸಲ್ಲಬೇಕಾದವರಿಗೆ ಸಲ್ಲಿಸಬೇಕು (218).

216ನೇ ಸೆಕ್ಷನ್ನನ್ನು ಒಂದು ಉದಾಹರಣೆಯಲ್ಲಿ ನೋಡೋಣ. ದಟ್ಟಗಳ್ಳಿಯ ಒಂದು ಸೈಟಿಗೆ ಮಾಲೀಕರು 38 ಲಕ್ಷ ಕೈಗೆ ಬಂದರೆ ಸಾಕು ಅಂದಿದ್ದಾರೆ ಅಂದುಕೊಳ್ಳಿ. ಬ್ರೋಕರ್ ನಿಮಗೆ 42 ಅಂತ ಹೇಳಿ, ಸೈಟನ್ನು ತನ್ನ ಕಡೆಯವರ ಹೆಸರಿಗೆ ಅಗ್ರಿಮೆಂಟ್ ಹಾಕಿಸಿಕೊಂಡು, ನಾಲ್ಕು ಲಕ್ಷವನ್ನು ನಡುವೆ ಇಟ್ಟುಕೊಳ್ಳುತ್ತಾನೆ. ಇದರ ಮೇಲೆ ಕಮಿಷನ್ ಬೇರೆ. ನೇಮಿಸಿದವರಿಗೆ ಹೇಳದೆ ಏಜೆಂಟ್ ತನಗಾಗಿ ವ್ಯವಹಾರ ಮಾಡಿ ಗಳಿಸಿದ ಲಾಭವನ್ನು ನೇಮಿಸಿದವರು ಕೇಳಬಹುದು. ಆ ಹಕ್ಕು ನಿಮ್ಮದಾ ಮಾಲೀಕರದ್ದಾ ಅನ್ನುವುದು ಬ್ರೋಕರ್ ಯಾರ ಪರ ಇದ್ದ ಅನ್ನುವುದರ ಮೇಲೆ ನಿಂತಿದೆ. ಎರಡನೇ ಹಂತದ ಆ ಮೂರು ವಾಕ್ಯ ಇಲ್ಲಿ ಬೇಕಾಗುತ್ತದೆ. ಇಷ್ಟೇ ಅಲ್ಲ, 220ನೇ ಸೆಕ್ಷನ್ ಪ್ರಕಾರ ದುರ್ನಡತೆ ತೋರಿದ ಏಜೆಂಟ್‌ಗೆ ಆ ಕೆಲಸದ ಕಮಿಷನ್ ಕೇಳುವ ಹಕ್ಕೇ ಇಲ್ಲ.

## ಹಂತ 4: ಸಾಕ್ಷ್ಯ ಕೆಡದಂತೆ ಕಾಪಾಡಿ

ಸಿಟ್ಟಿನಲ್ಲಿ ಬ್ರೋಕರ್ ನಂಬರ್ ಬ್ಲಾಕ್ ಮಾಡಬೇಡಿ, ಚಾಟ್ ಅಳಿಸಬೇಡಿ. ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ, ಮೂಲ ಫೋನನ್ನೂ ಹಾಗೇ ಇಟ್ಟುಕೊಳ್ಳಿ. ಹೊಸ ಫೋನ್ ಕೊಂಡು ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡುವುದು ಪದೇ ಪದೇ ಆಗುವ ತಪ್ಪು. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಸ್ಕ್ರೀನ್‌ಶಾಟ್ ಪ್ರಿಂಟ್ ಒಂದೇ ಸಾಲದು.

ನಗದು ಕೊಟ್ಟು ರಸೀದಿ ಪಡೆಯದವರು ‘ಅಂದು ಕೊಟ್ಟ 2 ಲಕ್ಷಕ್ಕೆ ರಸೀದಿ ಕಳಿಸಿ’ ಅಂತ ಒಂದು ಮೆಸೇಜ್ ಹಾಕಿ. ‘ನಾಳೆ ಕೊಡ್ತೀನಿ ಸರ್’ ಅಂತ ಉತ್ತರ ಬಂದರೂ ಅದು ಒಪ್ಪಿಕೊಂಡ ಹಾಗೆ. ಇನ್ನೂ ಕೊಡದವರಿಗೆ: ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ನಗದೇ ಬೇಕು ಅಂತ ಹಟ ಹಿಡಿದರೆ ಅಲ್ಲೇ ನಿಲ್ಲಿಸಿ. ಹೊಸ ಲೇಔಟ್ ಆದರೆ, ಕ್ರಯದ ಕರಾರು ನೋಂದಣಿ ಆಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ಡೆವಲಪರ್ ಪಡೆಯುವಂತಿಲ್ಲ (ರೇರಾ ಕಾಯ್ದೆ, ಸೆಕ್ಷನ್ 13). ‘ನಾಳೆ ರೇಟ್ ಏರುತ್ತೆ, ಇವತ್ತೇ ಅರ್ಧ ಹಾಕಿ’ ಅನ್ನುವವರಿಗೆ ಈ ಸೆಕ್ಷನ್ ಹೇಳಿ ನೋಡಿ.

ಇನ್ನೆರಡು ಲಕ್ಷಣ ಕಂಡರೆ ಎಚ್ಚರ. ಹಣವನ್ನು ಮಾಲೀಕರ ಖಾತೆಗೆ ಬಿಟ್ಟು ಬ್ರೋಕರ್‌ನ ಮನೆಯವರ ಖಾತೆಗೆ ಹಾಕಿಸುವುದು. ಮತ್ತೆ, ಮಾಲೀಕರ ಜೊತೆ ನೀವು ನೇರವಾಗಿ ಮಾತಾಡದಂತೆ ತಡೆಯುತ್ತಲೇ ಇರುವುದು.

## ಹಂತ 5: ನೋಟಿಸ್ ಕೊಡಿ

ವಕೀಲರ ಮೂಲಕ ಕೊಟ್ಟರೆ ಒಳ್ಳೆಯದು, ನೀವೇ ಕೊಟ್ಟರೂ ನಡೆಯುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ ದಾಖಲೆ ಬರುವ ಹಾಗೆ ಕಳಿಸಿ. ಜೊತೆಗೆ ಇಮೇಲ್, ವಾಟ್ಸಾಪ್. ಒಕ್ಕಣೆ ಹೀಗಿರಲಿ:

“ನೀವು ತೋರಿಸಿದ ಲೇಔಟ್ ಪ್ರಾಧಿಕಾರದಿಂದ ಅನುಮೋದಿತ ಎಂದು ಹೇಳಿ, ಇಂಥ ದಿನ ನನ್ನಿಂದ ಇಷ್ಟು ಹಣವನ್ನು ಇಂಥ ಖಾತೆಗೆ ಪಡೆದಿದ್ದೀರಿ. ಸದರಿ ಸೈಟಿಗೆ ಬಿಡುಗಡೆ ಆದೇಶ ಇಲ್ಲವೆಂದು ಈಗ ತಿಳಿದುಬಂದಿದೆ. ಈ ಪತ್ರ ತಲುಪಿದ 15 ದಿನದೊಳಗೆ ಪೂರ್ತಿ ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಹಿಂದಿರುಗಿಸಬೇಕು. ತಪ್ಪಿದಲ್ಲಿ ಕಾನೂನು ಕ್ರಮ ಕೈಗೊಳ್ಳಲಾಗುವುದು.”

ಬೈಗುಳ, ಬೆದರಿಕೆ ಬೇಡ. ಅದೇ ಪತ್ರ ಮುಂದೆ ನಿಮ್ಮ ವಿರುದ್ಧ ಬಳಕೆಯಾಗುತ್ತದೆ. ಡೆವಲಪರ್ ಇದ್ದರೆ ಅವರಿಗೂ ಒಂದು ಪ್ರತಿ ಹೋಗಲಿ. ಮತ್ತೊಂದು ಮಾತು, ನೋಟಿಸ್ ಮೇಲೆ ನೋಟಿಸ್ ಕಳಿಸುತ್ತಾ ಕೂತರೆ ಕಾಲಮಿತಿ ಮುಂದಕ್ಕೆ ಹೋಗುವುದಿಲ್ಲ.

ನೋಟಿಸ್‌ಗೆ ಹೆದರಿ ಬ್ರೋಕರ್ ಚೆಕ್ ಕೊಟ್ಟರೆ ತೆಗೆದುಕೊಳ್ಳಿ. ಅದು ಮೂರು ತಿಂಗಳೊಳಗೆ ಬ್ಯಾಂಕಿಗೆ ಹೋಗಬೇಕು. ಬೌನ್ಸ್ ಆದರೆ, ಬ್ಯಾಂಕಿನ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಕಟ್ಟದಿದ್ದರೆ ನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು. ಇದು ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. ‘ಮುಂದಿನ ವಾರ ಹಾಕಿ ಸರ್’ ಅಂತ ಬ್ರೋಕರ್ ದಿನ ದೂಡುವುದು ಈ ಗಡುವು ದಾಟಿಸಲಿಕ್ಕೇ.

## ಹಂತ 6: ಸರಿಯಾದ ಕಡೆ ದೂರು ಕೊಡಿ

ರೇರಾ. ಮೊದಲ ಬಗೆಯ ವ್ಯವಹಾರಕ್ಕೆ. ಕಚೇರಿ ಬೆಂಗಳೂರಿನಲ್ಲಿದ್ದರೂ ದೂರನ್ನು ಜಾಲತಾಣದಲ್ಲೇ ಸಲ್ಲಿಸಬಹುದು. 31ನೇ ಸೆಕ್ಷನ್ ಪ್ರಕಾರ ಏಜೆಂಟರ ಮೇಲೂ ದೂರು ಕೊಡಬಹುದು. 9 ಮತ್ತು 10ನೇ ಸೆಕ್ಷನ್ ಮುರಿದ ಏಜೆಂಟ್‌ಗೆ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಸ್ವತ್ತಿನ ಬೆಲೆಯ ಶೇ. 5ರವರೆಗೆ (ಸೆಕ್ಷನ್ 62). ನೋಂದಣಿ ರದ್ದೂ ಆಗಬಹುದು.

ಇಲ್ಲೇ ಬಹಳ ಜನ ಎಡವುತ್ತಾರೆ. ಆ ದಂಡ ಹೋಗುವುದು ಸರ್ಕಾರಕ್ಕೆ, ನಿಮಗಲ್ಲ. ಹಣ ವಾಪಸ್, ಬಡ್ಡಿ, ಪರಿಹಾರ ಕೊಡಿಸುವ 12, 18ನೇ ಸೆಕ್ಷನ್‌ಗಳು ಡೆವಲಪರ್ ಮೇಲೆ ನಿಂತಿವೆ. ಆದ್ದರಿಂದ ಬ್ರೋಕರ್ ಒಬ್ಬರ ಮೇಲೇ ದೂರು ಹಾಕಬೇಡಿ. ಡೆವಲಪರನ್ನೂ ಎದುರುದಾರರನ್ನಾಗಿ ಮಾಡಿ, ಕೋರಿಕೆಯಲ್ಲಿ ಹಣ ವಾಪಸ್ ಅಂತ ಸ್ಪಷ್ಟವಾಗಿ ಬರೆಯಿರಿ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು.

ಗ್ರಾಹಕರ ಆಯೋಗ. ಬ್ರೋಕರ್‌ಗೆ ಕಮಿಷನ್ ಕೊಟ್ಟು ಸೇವೆ ಪಡೆದಿದ್ದರೆ, ಮರುಮಾರಾಟ ಮತ್ತು ಬಾಡಿಗೆ ವ್ಯವಹಾರಕ್ಕೆ ನನ್ನ ಪ್ರಕಾರ ಇದೇ ಒಳ್ಳೆಯ ದಾರಿ. ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಆಯೋಗ ಇದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಬ್ರೋಕರ್ ಎಲ್ಲೇ ಇರಲಿ. ಸೇವೆಗೆ ಕೊಟ್ಟ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ದೂರು ಸಲ್ಲಿಸಬಹುದು, ಮಾರ್ಗದರ್ಶನಕ್ಕೆ 1915 ಸಹಾಯವಾಣಿ ಇದೆ.

ಷರತ್ತು ಮೂರು. ದೂರಿಗೆ ಕಾರಣವಾದ ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು. ಕಮಿಷನ್ ಕೊಟ್ಟ ಅಥವಾ ಒಪ್ಪಿದ ದಾಖಲೆ ಬೇಕು, ಯಾಕೆಂದರೆ ಪುಕ್ಕಟೆ ಸೇವೆ ಈ ಕಾಯ್ದೆಗೆ ಬರುವುದಿಲ್ಲ. ಹತ್ತಾರು ಸೈಟು ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲಿ ಜಾಗವಿಲ್ಲ. ರೇರಾ ಪ್ರಾಜೆಕ್ಟಿನವರೂ ಬೇಕಾದರೆ ಇಲ್ಲಿಗೆ ಬರಬಹುದು. 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ದೂರು ಹಾಕಬೇಡಿ.

ಪೊಲೀಸ್. ಶುರುವಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಲು ಆದರೆ ಮಾತ್ರ ಠಾಣೆಯಲ್ಲಿ ಕೆಲಸ ಆಗುತ್ತದೆ. ಒಂದೇ ಸೈಟಿಗೆ ಇಬ್ಬರಿಂದ ಟೋಕನ್ ಪಡೆದಿರುವುದು, ನಕಲಿ ಖಾತಾ ಅಥವಾ ಜಿಪಿಎ (ಮಾಲೀಕರು ಕೊಡುವ ಅಧಿಕಾರ ಪತ್ರ) ತೋರಿಸಿರುವುದು, ಮಾಲೀಕರಿಗೆ ಗೊತ್ತೇ ಇಲ್ಲದೆ ಮಾರಾಟಕ್ಕಿಟ್ಟಿರುವುದು ಇಂಥವು. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ನಂಬಿಕೆದ್ರೋಹಕ್ಕೆ 316. 2024ರ ಜುಲೈ 1ಕ್ಕಿಂತ ಮುಂಚೆ ನಡೆದದ್ದಾದರೆ ಹಳೇ ಐಪಿಸಿಯ 420, 406 ಅನ್ವಯಿಸುತ್ತವೆ. ದೂರಿನಲ್ಲಿ ‘ಹಣ ಕೊಡಿಸಿ’ ಅಂತ ಬರೆದರೆ ಸಿವಿಲ್ ಅನ್ನುತ್ತಾರೆ. ಯಾವ ಸುಳ್ಳು ಹೇಳಿ ಹಣ ಪಡೆದರು, ಅದು ಸುಳ್ಳು ಅಂತ ಅವರಿಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಏನು ಆಧಾರ, ಇದನ್ನು ಬರೆಯಿರಿ. ಸ್ವೀಕೃತಿ ಪಡೆಯದೆ ಠಾಣೆಯಿಂದ ಬರಬೇಡಿ. ಎಫ್‌ಐಆರ್ ಮಾಡದಿದ್ದರೆ ಜಿಲ್ಲೆಯಲ್ಲಿ ಎಸ್‌ಪಿಗೆ, ಮೈಸೂರು ನಗರದಲ್ಲಿ ಕಮಿಷನರ್ ಕಚೇರಿಗೆ ಲಿಖಿತವಾಗಿ ಕಳಿಸಿ. ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಸಿವಿಲ್ ಕೋರ್ಟ್. ಕೊಟ್ಟ ಹಣ ವಸೂಲಿಗೆ ಮೂರು ವರ್ಷದ ಕಾಲಮಿತಿ. ಸೈಟೇ ಕೈತಪ್ಪುವ ಹಾಗಿದ್ದರೆ, ಅದನ್ನು ಬೇರೆಯವರಿಗೆ ಮಾರದಂತೆ ತಡೆಯಾಜ್ಞೆ ಇಲ್ಲೇ ಕೇಳಬೇಕು. ಇದಕ್ಕೆ ವಕೀಲರು ಬೇಕೇ ಬೇಕು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಆದಾಯ ಕಡಿಮೆ ಇರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಡಿಕ್ರಿಯ ಬೆಲೆ ಇದೆ. ಹಾಗಾಗಿ ಠಾಣೆಯಲ್ಲಿ ಬಿಳಿ ಹಾಳೆ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಮುಗಿಸುವುದಕ್ಕಿಂತ ಅದು ಎಷ್ಟೋ ಮೇಲು.

## ಹಂತ 7: ಆದೇಶ ಬಂದ ಮೇಲೆ ವಸೂಲಿ

ಆದೇಶ ಬಂದ ಮಾತ್ರಕ್ಕೆ ಹಣ ಬರುವುದಿಲ್ಲ, ಅದನ್ನು ಜಾರಿ ಮಾಡಿಸಬೇಕು. ರೇರಾ ಆದೇಶದ ಹಣ ಕಟ್ಟದಿದ್ದರೆ 40ನೇ ಸೆಕ್ಷನ್ ಪ್ರಕಾರ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಅದಕ್ಕೆ ವಸೂಲಿ ಪ್ರಮಾಣಪತ್ರ ಕೇಳಿ ಮತ್ತೆ ಅರ್ಜಿ ಹಾಕಬೇಕು. ಆ ಪತ್ರ ಕಂದಾಯ ಇಲಾಖೆಗೆ ಹೋದ ಮೇಲೆ ನೀವೂ ಬೆನ್ನುಬೀಳಬೇಕು. ಎದುರುದಾರರ ಆಸ್ತಿ ಎಲ್ಲೆಲ್ಲಿದೆ ಅನ್ನುವ ವಿವರ, ಪಹಣಿ ಅಥವಾ ಖಾತಾ ಸಮೇತ, ನೀವೇ ಒದಗಿಸಿದರೆ ಕೆಲಸ ಬೇಗ ಆಗುತ್ತದೆ.

ಗ್ರಾಹಕರ ಆಯೋಗದ ಆದೇಶ ಪಾಲಿಸದವರ ಮೇಲೆ 2019ರ ಕಾಯ್ದೆಯ 71ನೇ ಸೆಕ್ಷನ್‌ನಲ್ಲಿ ಜಾರಿ ಅರ್ಜಿ, 72ರಲ್ಲಿ ಶಿಕ್ಷೆಯ ಅರ್ಜಿ ಹಾಕಬಹುದು. 72ರಲ್ಲಿ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಯಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಎದುರುದಾರರಿಗೆ ಮೇಲ್ಮನವಿಗೆ 45 ದಿನ ಇರುತ್ತದೆ. ಅದು ಮುಗಿಯುವುದರೊಳಗೆ ಆದೇಶದ ದೃಢೀಕೃತ ಪ್ರತಿ ತೆಗೆದು, ಜಾರಿ ಅರ್ಜಿ ತಯಾರು ಮಾಡಿಟ್ಟುಕೊಳ್ಳಿ.